ಡೇರೆಯಲ್ಲಿ ಉಳಿದ ಎರಡು ಬಾಟಲಿ ನೀರು

ಮರುಭೂಮಿ ಎಂದರೆ ಮರಳಿನ ದಿಣ್ಣೆ, ಒಂಟೆ, ಖರ್ಜೂರದ ಮರ. ನನ್ನ ತಲೆಯಲ್ಲಿದ್ದದ್ದು ಇಷ್ಟೇ. ಅಬ್ಬ ಹನ್ನೊಂದು ವರ್ಷ ಸೌದಿಯಲ್ಲಿ ಟ್ರೈಲರ್ ಲಾರಿ ಓಡಿಸಿದವರು. ರಸ್ತೆಯ ಎರಡೂ ಬದಿ ಗಂಟೆಗಟ್ಟಲೆ ಮರಳು ಬಿಟ್ಟರೆ ಬೇರೇನೂ ಕಾಣುವುದಿಲ್ಲ ಎಂದು ರಜೆಗೆ ಬಂದಾಗಲೆಲ್ಲ ಹೇಳುತ್ತಿದ್ದರು. "ನಿಮ್ಮನ್ನು ಒಮ್ಮೆಯಾದರೂ ಅಲ್ಲಿಗೆ ಕರೆದುಕೊಂಡು ಹೋಗಬೇಕಿತ್ತು" ಎಂಬ ಮಾತನ್ನೂ ಸೇರಿಸುತ್ತಿದ್ದರು. ಅದು ಆಗಲೇ ಇಲ್ಲ.

ಕಳೆದ ಏಪ್ರಿಲ್‌ನಲ್ಲಿ, ಪ್ರಥಮ ಪಿಯುಸಿ ಪರೀಕ್ಷೆ ಮುಗಿದ ಮೇಲೆ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಅಕ್ಕನ ಮನೆಗೆ ನಾವೆಲ್ಲ ಹೋದೆವು. ಅಲ್ಲಿಂದ ಮೂರು ದಿನಗಳ ಮಟ್ಟಿಗೆ ಜೋಶುವಾ ಟ್ರೀ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿ ಡೇರೆ ಹಾಕಿ ಉಳಿದೆವು. ಅಬ್ಬ, ಉಮ್ಮ, ಅಕ್ಕ, ಭಾವ, ಅವರ ಎರಡು ವರ್ಷದ ಮಗು, ಏಳನೇ ತರಗತಿಯ ನನ್ನ ತಮ್ಮ ಮತ್ತು ನಾನು. ತರಗತಿಯಲ್ಲಿ ಓದಿದ ಎಷ್ಟೋ ವಿಷಯಗಳು ಅಲ್ಲಿ ಕಣ್ಣೆದುರು ನಿಂತಿದ್ದವು. ಅವುಗಳ ಜೊತೆಗೆ, ನಾನು ಮಾಡಿದ ಒಂದು ತಪ್ಪನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಮಳೆ ಯಾಕೆ ಬರುವುದಿಲ್ಲ?

ಈ ಉದ್ಯಾನ ಇರುವುದು ಕ್ಯಾಲಿಫೋರ್ನಿಯಾದ ಆಗ್ನೇಯ ಭಾಗದಲ್ಲಿ. ವಿಸ್ತೀರ್ಣ ಸುಮಾರು 3,200 ಚದರ ಕಿಲೋಮೀಟರ್. ಮಿನರ್ವಾ ಹೋಯ್ಟ್ ಎಂಬ ಮಹಿಳೆ ಮರುಭೂಮಿಯ ಗಿಡಗಳನ್ನು ಉಳಿಸಬೇಕೆಂದು ವರ್ಷಗಟ್ಟಲೆ ಓಡಾಡಿದ ಫಲವಾಗಿ 1936ರಲ್ಲಿ ಇದು ಸಂರಕ್ಷಿತ ಪ್ರದೇಶವಾಯಿತು. 1994ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು.

ಪೆಸಿಫಿಕ್ ಸಾಗರ ಇಲ್ಲಿಂದ ಕಾರಿನಲ್ಲಿ ಮೂರು ಗಂಟೆಯ ದಾರಿ. ಆದರೂ ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 100 ಮಿಲಿಮೀಟರ್ ಮಾತ್ರ. ನಮ್ಮ ಮಂಗಳೂರಿನಲ್ಲಿ 3,500 ಮಿಲಿಮೀಟರ್‌ಗೂ ಹೆಚ್ಚು. ಜುಲೈ ತಿಂಗಳ ಒಂದು ಜೋರು ದಿನದ ಮಳೆ ಇಲ್ಲಿ ಇಡೀ ವರ್ಷಕ್ಕೆ ಸಾಕು.

ಕಾರಣ ನಮಗೆ ಗೊತ್ತಿರುವುದೇ. ಅರಬ್ಬಿ ಸಮುದ್ರದಿಂದ ಬರುವ ಮೋಡ ಪಶ್ಚಿಮ ಘಟ್ಟವನ್ನು ಏರುವಾಗ ತಣ್ಣಗಾಗಿ ಆಗುಂಬೆಯಲ್ಲಿ ಸುರಿಯುತ್ತದೆ. ಘಟ್ಟ ದಾಟಿ ಚಿತ್ರದುರ್ಗ, ಚಳ್ಳಕೆರೆ ತಲುಪುವಷ್ಟರಲ್ಲಿ ಅದರಲ್ಲಿ ನೀರೇ ಉಳಿದಿರುವುದಿಲ್ಲ. ಇದನ್ನೇ ಮಳೆ ನೆರಳಿನ ಪ್ರದೇಶ ಎನ್ನುತ್ತೇವೆ. ಅಲ್ಲಿಯೂ ಹಾಗೆಯೇ. ಸಾಗರದ ತೇವವನ್ನು ಸ್ಯಾನ್ ಬರ್ನಾರ್ಡಿನೋ ಮತ್ತು ಸ್ಯಾನ್ ಹಸಿಂಟೋ ಎಂಬ ಪರ್ವತಗಳು ತಡೆದುಕೊಳ್ಳುತ್ತವೆ. ಕಾರಿನಲ್ಲಿ ಬರುವಾಗ ಆ ಪರ್ವತಗಳ ತುದಿಯಲ್ಲಿ ಹಿಮ ಕಾಣುತ್ತಿತ್ತು. ಅವುಗಳ ಈಚೆ ಬದಿಗೆ ಬಂದ ಕೂಡಲೇ ಹಸಿರು ನಿಂತೇ ಹೋಯಿತು.

ಇಲ್ಲಿ ಒಂದಲ್ಲ, ಎರಡು ಮರುಭೂಮಿಗಳು ಕೂಡುತ್ತವೆ. ಉತ್ತರ ಮತ್ತು ಪಶ್ಚಿಮದ ಎತ್ತರದ ಭಾಗ ಮೊಹಾವಿ ಮರುಭೂಮಿ. ಅದು ಸ್ವಲ್ಪ ತಂಪು. ಪೂರ್ವ ಮತ್ತು ದಕ್ಷಿಣದ ತಗ್ಗು ಭಾಗ ಕೊಲರಾಡೋ ಮರುಭೂಮಿ. ಅಲ್ಲಿ ಬಿಸಿ ಹೆಚ್ಚು. ಎರಡರಲ್ಲೂ ಅಬ್ಬ ಹೇಳುತ್ತಿದ್ದ ಮರಳಿನ ದಿಣ್ಣೆಗಳು ನಮಗೆ ಕಾಣಲಿಲ್ಲ. ಕಂಡದ್ದು ಬಂಡೆ, ಜಲ್ಲಿ ನೆಲ ಮತ್ತು ಮುಳ್ಳು.

ಹಂಪಿಯ ತಮ್ಮ

ಮೊದಲ ರಾತ್ರಿ ಜಂಬೋ ರಾಕ್ಸ್ ಎಂಬಲ್ಲಿ ಡೇರೆ ಹಾಕಿದೆವು. ಸುತ್ತಲೂ ಒಂದರ ಮೇಲೊಂದು ಪೇರಿಸಿಟ್ಟಂತೆ ದುಂಡು ಬಂಡೆಗಳು. "ಇದು ಹಂಪಿಯೇ ಅಲ್ಲವಾ?" ಎಂದು ಉಮ್ಮ ಕೇಳಿದರು. ಹೋಲಿಕೆ ಸುಮ್ಮನೆ ಅಲ್ಲ, ಎರಡು ಕಡೆಯೂ ನಡೆದದ್ದು ಒಂದೇ ಕೆಲಸ. ಭೂಮಿಯ ಆಳದಲ್ಲಿ ಶಿಲಾಪಾಕ ನಿಧಾನವಾಗಿ ತಣಿದು ಗ್ರಾನೈಟ್ ಜಾತಿಯ ಕಲ್ಲಾಗುತ್ತದೆ. ಅದರಲ್ಲಿ ಅಡ್ಡಕ್ಕೂ ಉದ್ದಕ್ಕೂ ಬಿರುಕು ಬೀಳುತ್ತವೆ. ಮಣ್ಣಿನೊಳಗೆ ಇರುವಾಗಲೇ ನೀರು ಆ ಬಿರುಕುಗಳಲ್ಲಿ ಇಳಿದು ಚೌಕಾಕಾರದ ತುಂಡುಗಳ ಮೂಲೆಗಳನ್ನು ಸವೆಸುತ್ತದೆ. ಅಂಚಿಗಿಂತ ಮೂಲೆಗೆ ಹೆಚ್ಚು ಬದಿಗಳಿಂದ ನೀರು ತಾಗುವುದರಿಂದ ಮೂಲೆ ಬೇಗ ಸವೆದು ಕಲ್ಲು ದುಂಡಗಾಗುತ್ತದೆ. ಆಮೇಲೆ ಮೇಲಿನ ಮಣ್ಣು ಕೊಚ್ಚಿಹೋದಾಗ ದುಂಡು ಬಂಡೆಗಳು ಇದ್ದಲ್ಲೇ ಒಂದರ ಮೇಲೊಂದು ಕುಳಿತುಬಿಡುತ್ತವೆ.

ವಯಸ್ಸಿನಲ್ಲಿ ಮಾತ್ರ ಬಹಳ ಅಂತರ. ಜೋಶುವಾ ಟ್ರೀಯ ಈ ಕಲ್ಲು ರೂಪುಗೊಂಡು ಸುಮಾರು 10 ಕೋಟಿ ವರ್ಷ. ಹಂಪಿಯ ಕಲ್ಲಿಗೆ ಸುಮಾರು 250 ಕೋಟಿ ವರ್ಷ. ನಮ್ಮ ಹಂಪಿ ಇದಕ್ಕೆ ದೊಡ್ಡಣ್ಣ.

ಮರವಲ್ಲದ ಮರ

ಉದ್ಯಾನಕ್ಕೆ ಹೆಸರು ಕೊಟ್ಟ ಜೋಶುವಾ ಮರವನ್ನು ನೋಡಿದಾಗ ತಮ್ಮ "ಕತ್ತಾಳೆಗೆ ಕೈಕಾಲು ಬಂದ ಹಾಗಿದೆ" ಎಂದ. ಸರಿಯಾಗಿಯೇ ಹೇಳಿದ್ದ. ಇದು ಯುಕ್ಕಾ ಎಂಬ ಜಾತಿಯ ಸಸ್ಯ, ಕತ್ತಾಳೆಯ ಹತ್ತಿರದ ನೆಂಟ. ಏಕದಳ ಸಸ್ಯವಾದ್ದರಿಂದ ಇದರ ಕಾಂಡದಲ್ಲಿ ವರ್ಷಕ್ಕೊಂದು ಬಳೆ ಮೂಡುವುದಿಲ್ಲ. ಹಾಗಾಗಿ ಬಳೆ ಎಣಿಸಿ ವಯಸ್ಸು ಹೇಳಲಾಗದು. ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಬೆಳೆಯುತ್ತದೆ. ಮನೆಯಷ್ಟು ಎತ್ತರದ ಒಂದು ಮರ ಎಂದರೆ ನಮ್ಮ ಮುತ್ತಜ್ಜನ ಕಾಲದ್ದಿರಬಹುದು.

ಇದರ ಹೂವಿಗೆ ಪರಾಗ ಮುಟ್ಟಿಸುವುದು ಯುಕ್ಕಾ ಪತಂಗ ಎಂಬ ಸಣ್ಣ ಹುಳು ಮಾತ್ರ. ಜೇನ್ನೊಣದ ಮೈಗೆ ಪರಾಗ ಅಂಟುವುದು ಆಕಸ್ಮಿಕ. ಈ ಪತಂಗದ ಹೆಣ್ಣು ಹಾಗಲ್ಲ. ಬಾಯಿಯ ಬಳಿಯ ವಿಶೇಷ ಅಂಗದಿಂದ ಪರಾಗವನ್ನು ಉಂಡೆ ಕಟ್ಟಿ ಒಯ್ದು, ಮತ್ತೊಂದು ಹೂವಿನ ಶಲಾಕೆಗೆ ತಾನೇ ಸವರುತ್ತದೆ. ಅದೇ ಹೂವಿನಲ್ಲಿ ಮೊಟ್ಟೆಯನ್ನೂ ಇಡುತ್ತದೆ. ಮರಿಗಳು ಕೆಲವು ಬೀಜಗಳನ್ನು ತಿನ್ನುತ್ತವೆ, ಉಳಿದವು ಮರಕ್ಕೆ. ಪತಂಗವಿಲ್ಲದಿದ್ದರೆ ಮರಕ್ಕೆ ಬೀಜವಿಲ್ಲ, ಮರವಿಲ್ಲದಿದ್ದರೆ ಪತಂಗಕ್ಕೆ ಸಂತಾನವಿಲ್ಲ.

ಹತ್ತೊಂಬತ್ತನೇ ಶತಮಾನದಲ್ಲಿ ಈ ದಾರಿಯಾಗಿ ಬಂದ ಮೋರ್ಮನ್ ಪಂಥದ ವಲಸಿಗರಿಗೆ ಇದರ ಕೊಂಬೆಗಳು ಕೈ ಚಾಚಿದ ಪ್ರವಾದಿಯಂತೆ ಕಂಡವು, ಅದಕ್ಕೆ ಜೋಶುವಾ ಎಂಬ ಹೆಸರು ಬಂತು ಎಂಬ ಹೇಳಿಕೆ ಇದೆ. ಜೋಶುವಾ ಎಂದರೆ ಮೂಸಾ (ಅ) ಅವರ ಸಂಗಾತಿಯಾಗಿದ್ದ ಯೂಶಅ್ ಎಂದು ಭಾವ ಹೇಳಿದಾಗ ಅಬ್ಬ ಮರದ ಹತ್ತಿರ ಹೋಗಿ ಇನ್ನೊಮ್ಮೆ ನೋಡಿ ಬಂದರು.

ರಾತ್ರಿಯ ಚಳಿ ಮತ್ತು ಕಿಬ್ಲಾ

ಹಗಲು 26 ಡಿಗ್ರಿ ಇದ್ದದ್ದು ರಾತ್ರಿ ಹತ್ತಕ್ಕಿಂತ ಕೆಳಗೆ ಇಳಿಯಿತು. ನಮ್ಮ ಕರಾವಳಿಯಲ್ಲಿ ಗಾಳಿಯಲ್ಲಿರುವ ನೀರಾವಿ ಹಗಲಿನ ಶಾಖವನ್ನು ಕಂಬಳಿಯಂತೆ ಹಿಡಿದಿಟ್ಟುಕೊಳ್ಳುತ್ತದೆ. ಅದಕ್ಕೇ ಏಪ್ರಿಲ್‌ನ ರಾತ್ರಿಯೂ ಫ್ಯಾನ್ ಇಲ್ಲದೆ ನಿದ್ದೆ ಬರುವುದಿಲ್ಲ. ಮರುಭೂಮಿಯಲ್ಲಿ ಆ ಕಂಬಳಿ ಇಲ್ಲ. ಸೂರ್ಯ ಮುಳುಗಿದ ಮೇಲೆ ನೆಲದ ಶಾಖ ನೇರವಾಗಿ ಆಕಾಶಕ್ಕೆ ಹೊರಟುಹೋಗುತ್ತದೆ.

ಇಶಾ ನಮಾಝ್‌ಗೆ ನಿಲ್ಲುವಾಗ ಕಿಬ್ಲಾ ಯಾವ ಕಡೆ ಎಂಬ ಪ್ರಶ್ನೆ ಬಂತು. ಉದ್ಯಾನದ ಹೆಚ್ಚಿನ ಕಡೆ ಮೊಬೈಲ್ ಸಿಗ್ನಲ್ ಇಲ್ಲ. ಊರಲ್ಲಿ ನಾವು ಪಶ್ಚಿಮಕ್ಕೆ, ತುಸು ಉತ್ತರಕ್ಕೆ ವಾಲಿ ನಿಲ್ಲುತ್ತೇವೆ. ಕ್ಯಾಲಿಫೋರ್ನಿಯಾದಿಂದ ಮಕ್ಕಾ ಪೂರ್ವದಲ್ಲಿದೆ ಎಂದು ನಾನು ಪೂರ್ವಕ್ಕೆ ತಿರುಗಿದೆ. ಭಾವ ನನ್ನ ಭುಜ ಹಿಡಿದು ಬಹುತೇಕ ಉತ್ತರಕ್ಕೇ ತಿರುಗಿಸಿದರು!

ಗೋಡೆಯ ಭೂಪಟ ಚಪ್ಪಟೆ, ಭೂಮಿ ಗುಂಡಗೆ. ಗ್ಲೋಬ್ ತೆಗೆದುಕೊಂಡು ಕ್ಯಾಲಿಫೋರ್ನಿಯಾದಿಂದ ಮಕ್ಕಾಕ್ಕೆ ಒಂದು ದಾರ ಬಿಗಿಯಾಗಿ ಎಳೆದು ನೋಡಿ. ಅದು ಉತ್ತರ ಧ್ರುವದ ಕಡೆಗೆ ಏರಿ, ಆಮೇಲೆ ಇಳಿಯುತ್ತದೆ. ಗೋಳದ ಮೇಲೆ ಅದೇ ಅತಿ ಹತ್ತಿರದ ದಾರಿ. ಲೆಕ್ಕ ಹಾಕಿದರೆ ಅಲ್ಲಿನ ಕಿಬ್ಲಾ ಉತ್ತರದಿಂದ ಪೂರ್ವಕ್ಕೆ ಸುಮಾರು 26 ಡಿಗ್ರಿ.

ಉತ್ತರ ತೋರಿಸಲು ಧ್ರುವ ನಕ್ಷತ್ರ ಇತ್ತು. ಅದು ದಿಗಂತದಿಂದ ಎಷ್ಟು ಡಿಗ್ರಿ ಮೇಲಿದೆಯೋ ಸುಮಾರು ಅಷ್ಟೇ ನಾವು ನಿಂತ ಜಾಗದ ಅಕ್ಷಾಂಶ. ಮಂಗಳೂರಿನಲ್ಲಿ ಅದು ಬರೀ 13 ಡಿಗ್ರಿ ಎತ್ತರದಲ್ಲಿ, ತೆಂಗಿನ ಮರಗಳ ಹಿಂದೆ ಅಡಗಿರುತ್ತದೆ. ಅಲ್ಲಿ 34 ಡಿಗ್ರಿ ಎತ್ತರದಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಧ್ರುವ ನಕ್ಷತ್ರದಿಂದ ಬಲಕ್ಕೆ ಎರಡೂವರೆ ಮುಷ್ಟಿ ಅಳೆದೆವು. ಅಬ್ಬ ಮುಂದೆ ನಿಂತರು, ನಾವು ಹಿಂದೆ. ಅಷ್ಟು ನಕ್ಷತ್ರಗಳನ್ನು ನಾನು ಅದುವರೆಗೆ ಒಟ್ಟಿಗೆ ನೋಡಿರಲಿಲ್ಲ.

ಮುಳ್ಳಿನ ಪಾಠ

ಎರಡನೇ ದಿನ ದಕ್ಷಿಣಕ್ಕೆ ಹೊರಟೆವು. ರಸ್ತೆ ಇಳಿದಂತೆ ಜೋಶುವಾ ಮರಗಳು ಕಡಿಮೆಯಾಗುತ್ತಾ ಕೊನೆಗೆ ಒಂದೂ ಕಾಣದಾಯಿತು. ಎರಡು ಮರುಭೂಮಿಗಳು ಕೂಡುವ ಜಾಗ ಅದು. ಅಲ್ಲಿ ಚೋಯಾ ಎಂಬ ಪಾಪಾಸುಕಳ್ಳಿಯ ತೋಟವೇ ಇದೆ. ದೂರದಿಂದ ಮೆತ್ತಗಿನ ಕರಡಿಗೊಂಬೆಯಂತೆ ಕಾಣುತ್ತದೆ, ಇಂಗ್ಲಿಷಿನಲ್ಲಿ ಹೆಸರೂ ಟೆಡ್ಡಿ ಬೇರ್ ಚೋಯಾ ಎಂದೇ. ತಮ್ಮ ಒಂದು ಬೆರಳು ತಾಗಿಸಿದ. ಒಂದು ತುಂಡು ಪೂರ್ತಿ ಕಳಚಿಕೊಂಡು ಅವನ ಕೈಗೆ ಅಂಟಿತು.

ಈ ಮುಳ್ಳುಗಳಲ್ಲಿ ಗಾಳದ ಕೊಕ್ಕೆಯಂತೆ ಹಿಂದಕ್ಕೆ ಬಾಗಿದ ಸೂಕ್ಷ್ಮ ಹಲ್ಲುಗಳಿವೆ. ಒಳಗೆ ಹೋಗುವುದು ಸುಲಭ, ಹೊರಗೆ ಬರುವುದು ಕಷ್ಟ. ಇನ್ನೊಂದು ಕೈಯಿಂದ ಎಳೆದರೆ ಆ ಕೈಗೂ ಅಂಟುತ್ತದೆ. ಭಾವ ಕಿಸೆಯಿಂದ ಬಾಚಣಿಗೆ ತೆಗೆದು ತುಂಡಿನ ಅಡಿಗೆ ತೂರಿಸಿ ಒಮ್ಮೆಗೇ ಚಿಮ್ಮಿಸಿದರು. ಚೋಯಾಕ್ಕೆ ಇದು ಸಂತಾನ ಹೆಚ್ಚಿಸುವ ಉಪಾಯ. ಪ್ರಾಣಿಯ ಮೈಗೆ ಅಂಟಿ ದೂರ ಹೋಗಿ ಬಿದ್ದ ತುಂಡು ಅಲ್ಲೇ ಬೇರು ಬಿಡುತ್ತದೆ.

ನೀರಿನ ಲೆಕ್ಕ

ಉದ್ಯಾನದ ಹೆಚ್ಚಿನ ಶಿಬಿರ ಜಾಗಗಳಲ್ಲಿ ನೀರಿಲ್ಲ. ಕುಡಿಯಲು, ಅಡುಗೆಗೆ, ತೊಳೆಯಲು ಎಲ್ಲವನ್ನೂ ಹೊತ್ತೇ ತರಬೇಕು. ಒಬ್ಬರಿಗೆ ದಿನಕ್ಕೆ ಕನಿಷ್ಠ ಒಂದು ಗ್ಯಾಲನ್, ಅಂದರೆ ಸುಮಾರು 3.8 ಲೀಟರ್, ಹೆಚ್ಚು ನಡೆಯುವವರಿಗೆ ಅದರ ಎರಡರಷ್ಟು ಬೇಕೆಂಬುದು ಅಲ್ಲಿನ ಸೂಚನೆ.

ಜಂಬೋ ರಾಕ್ಸ್‌ನಲ್ಲಿ ಉಮ್ಮ ಎಲ್ಲರಿಗೂ ಒಂದೊಂದು ಲೋಟ ನೀರಿನಲ್ಲೇ ವುಝೂ ಮಾಡಿಸಿದರು. ಪ್ರವಾದಿ (ಸ) ಅವರು ಒಂದು ಮುದ್ದ್, ಅಂದರೆ ಎರಡೂ ಅಂಗೈ ಸೇರಿಸಿದ ಒಂದು ಬೊಗಸೆಯಷ್ಟು ನೀರಿನಲ್ಲಿ ವುಝೂ ಮಾಡುತ್ತಿದ್ದರೆಂದು ಮದರಸದಲ್ಲಿ ಕಲಿತಿದ್ದೆ. ಕಲಿತದ್ದು ಹೌದು, ಒಮ್ಮೆಯೂ ಮಾಡಿ ನೋಡಿರಲಿಲ್ಲ. ನಿಧಾನವಾಗಿ ಮಾಡಿದರೆ ಸಾಕಾಗುತ್ತದೆ, ಸ್ವಲ್ಪ ಉಳಿಯುತ್ತದೆ ಕೂಡ.

ಮರುಭೂಮಿಯಲ್ಲಿ ನೀರು ಬೇಗ ಮುಗಿಯುವುದಕ್ಕಿಂತ ದೊಡ್ಡ ಅಪಾಯ, ಮೈಯಿಂದ ನೀರು ಹೋದದ್ದು ಗೊತ್ತಾಗದಿರುವುದು. ನಮ್ಮೂರಲ್ಲಿ ಬೆವರು ಆರದೆ ಅಂಗಿ ಒದ್ದೆಯಾಗುತ್ತದೆ, ಬೆವರಿದ್ದು ನಮಗೆ ಗೊತ್ತಾಗುತ್ತದೆ. ಒಣಗಾಳಿಯಲ್ಲಿ ಬೆವರು ಚರ್ಮದ ಮೇಲೆ ಬಂದ ಕ್ಷಣವೇ ಆವಿಯಾಗುತ್ತದೆ. ಒಂದು ಲೀಟರ್ ಬೆವರು ಆರುವಾಗ ಮೈಯಿಂದ ಸುಮಾರು 2,400 ಕಿಲೋಜೂಲ್ ಶಾಖ ಹೊತ್ತೊಯ್ಯುತ್ತದೆ. ಅದಕ್ಕೇ ತಂಪಾಗಿ, ಹಿತವಾಗಿಯೇ ಇರುತ್ತದೆ. ಅಂಗಿಯೂ ಒಣಗಿರುತ್ತದೆ. ಬಾಯಾರಿಕೆ ಜೋರಾಗುವಷ್ಟರಲ್ಲಿ ತಡವಾಗಿರುತ್ತದೆ.

ಅಲ್ಲಿನ ಪ್ರಾಣಿಗಳು ಇದಕ್ಕೆ ಹೊಂದಿಕೊಂಡಿವೆ. ಕಾಂಗರೂ ಇಲಿ ಜೀವನಪೂರ್ತಿ ನೀರು ಕುಡಿಯದೆ ಇರಬಲ್ಲದು. ಒಣ ಬೀಜ ಜೀರ್ಣವಾಗಿ ದೇಹದಲ್ಲಿ ಉತ್ಪತ್ತಿಯಾಗುವ ನೀರೇ ಅದಕ್ಕೆ ಸಾಕು. ನಮಗೆ ಆ ಸೌಲಭ್ಯವಿಲ್ಲ. ನಮಗಿರುವುದು ಲೆಕ್ಕ ಮಾತ್ರ.

ಲಾಸ್ಟ್ ಪಾಮ್ಸ್ ದಾರಿಯಲ್ಲಿ

ಎರಡನೇ ರಾತ್ರಿ ಕಾಟನ್‌ವುಡ್ ಶಿಬಿರದಲ್ಲಿ ಉಳಿದೆವು. ಅಲ್ಲಿ ನಲ್ಲಿ ನೀರಿದೆ. ಮೂರನೇ ದಿನ ಬೆಳಿಗ್ಗೆ ಅಬ್ಬ, ಭಾವ, ತಮ್ಮ ಮತ್ತು ನಾನು ಲಾಸ್ಟ್ ಪಾಮ್ಸ್ ಎಂಬ ಓಯಸಿಸ್‌ಗೆ ನಡೆಯಲು ಹೊರಟೆವು. ಹೋಗಿ ಬರಲು ಸುಮಾರು 12 ಕಿಲೋಮೀಟರ್. ಭೂಮಿಯ ಪದರ ಬಿರಿದ ಕಡೆ ಅಂತರ್ಜಲ ಮೇಲೆ ಬಂದು, ಬೋಳು ಕಣಿವೆಯ ನಡುವೆ ಬೀಸಣಿಗೆ ಎಲೆಯ ತಾಳೆ ಜಾತಿಯ ಮರಗಳ ದೊಡ್ಡ ಗುಂಪು ಬೆಳೆದಿದೆ. ಅಲ್ಲಿನ ಮೂಲನಿವಾಸಿಗಳಾದ ಕವಿಯಾ ಜನರು ಇವುಗಳ ಹಣ್ಣನ್ನು ತಿನ್ನುತ್ತಿದ್ದರು, ಗರಿಗಳಿಂದ ಗುಡಿಸಲು ಹೊದಿಸುತ್ತಿದ್ದರು. ಅಬ್ಬನಿಗೆ ಇದೊಂದನ್ನು ನೋಡಲೇಬೇಕಿತ್ತು. "ಹನ್ನೊಂದು ವರ್ಷ ಮರುಭೂಮಿಯನ್ನು ಲಾರಿಯ ಗಾಜಿನಿಂದ ನೋಡಿದೆ. ಇಳಿದು ನಡೆದದ್ದಿಲ್ಲ" ಎಂದರು.

ಭಾವನ ಲೆಕ್ಕ ಒಬ್ಬರಿಗೆ ಮೂರು ಲೀಟರ್, ಒಟ್ಟು ಹನ್ನೆರಡು ಬಾಟಲಿ. ನನ್ನ ಚೀಲಕ್ಕೆ ನಾಲ್ಕು ಬಂತು. ಹಿಂದಿನ ದಿನದ ನಡಿಗೆಯಿಂದ ಭುಜ ನೋಯುತ್ತಿತ್ತು. ಯಾರಿಗೂ ಹೇಳದೆ ಎರಡು ಬಾಟಲಿಯನ್ನು ಡೇರೆಯೊಳಗೆ ಹೊದಿಕೆಯ ಹಿಂದೆ ಇಟ್ಟುಬಿಟ್ಟೆ. ಹತ್ತು ಸಾಕಾಗುತ್ತದೆ ಎಂದುಕೊಂಡೆ.

ಹೊರಟದ್ದು ತಡವಾಗಿ, ಒಂಬತ್ತೂವರೆಗೆ. ದಾರಿ ದಿಬ್ಬ ಏರಿ ಇಳಿದು, ಒಣಹೊಳೆಯ ಮರಳಿನಲ್ಲಿ ಸಾಗುತ್ತದೆ. ಹನ್ನೆರಡು ಗಂಟೆಗೆ ಕಣಿವೆಯ ಅಂಚು ತಲುಪಿದೆವು. ಕೆಳಗೆ ಹಸಿರು ತಲೆಗಳು ಗುಂಪಾಗಿ ಕಂಡವು. ಇಳಿಯುವ ದಾರಿ ಕಡಿದಾಗಿತ್ತು.

ಭಾವ ಹೇಳಿದ ನಿಯಮ ಒಂದೇ: ಅರ್ಧ ನೀರು ಮುಗಿದ ಕೂಡಲೇ, ಎಲ್ಲಿದ್ದರೂ ಸರಿ, ಹಿಂದಿರುಗಬೇಕು. ಎಲ್ಲರ ಚೀಲ ತೆರೆದು ಎಣಿಸಿದರು. ಉಳಿದದ್ದು ನಾಲ್ಕೂವರೆ ಲೀಟರ್. "ಹೇಗೆ? ಆರೂವರೆ ಇರಬೇಕಲ್ಲ?" ಎಂದು ಮತ್ತೆ ಎಣಿಸಿದರು. ಅಬ್ಬ ಆಗಲೇ ಇಳಿಯಲು ಕಾಲು ಮುಂದಿಟ್ಟಿದ್ದರು. "ಇಲ್ಲಿವರೆಗೆ ಬಂದು ನೋಡದೆ ಹೋಗುವುದಾ? ಹತ್ತು ನಿಮಿಷದ ದಾರಿ" ಎಂದರು.

ಗಂಟಲು ಒಣಗಿದ್ದು ಬಿಸಿಲಿಗೋ ಹೆದರಿಕೆಗೋ ಗೊತ್ತಿಲ್ಲ. "ಅಬ್ಬಾ, ಎರಡು ಬಾಟಲಿ ನಾನು ಡೇರೆಯಲ್ಲೇ ಬಿಟ್ಟು ಬಂದೆ. ಭಾರ ಆಗುತ್ತದೆ ಅಂತ. ಕೆಳಗೆ ಹೋಗುವುದು ಬೇಡ" ಎಂದೆ.

ಅಬ್ಬ ಏನೂ ಹೇಳಲಿಲ್ಲ. ಒಂದು ಕಲ್ಲಿನ ಮೇಲೆ ಕುಳಿತು ಸ್ವಲ್ಪ ಹೊತ್ತು ಕೆಳಗಿನ ಮರಗಳನ್ನೇ ನೋಡಿದರು. ಆಮೇಲೆ ಎದ್ದು "ನಡೆಯಿರಿ" ಎಂದು ಹಿಂದಕ್ಕೆ ತಿರುಗಿದರು.

ಘಟ್ಟದ ಚಾರಣದಲ್ಲಿ ಮೊದಲು ಏರುತ್ತೇವೆ, ದಣಿದ ಮೇಲೆ ಇಳಿಯುತ್ತೇವೆ. ಕಣಿವೆಯಲ್ಲಿ ಇದು ಉಲ್ಟಾ. ಇಳಿಯುವಾಗ ಉತ್ಸಾಹ, ಏರುವಾಗ ದಣಿವು, ಬಿಸಿಲು, ಖಾಲಿ ಬಾಟಲಿ. ಕೆಳಗೆ ಹೋಗಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಉತ್ತರ ಒಂದು ಗಂಟೆಯೊಳಗೆ ಸಿಕ್ಕಿತು. ದಾರಿಯುದ್ದಕ್ಕೂ ಮಾತಾಡುತ್ತಿದ್ದ ತಮ್ಮ ಸುಮ್ಮನಾದ. ತಲೆನೋವು ಎಂದ, ಹೊಟ್ಟೆ ತೊಳಸುತ್ತಿದೆ ಎಂದ. ಒಂದು ಬಂಡೆಯ ನೆರಳಿನಲ್ಲಿ ಕೂರಿಸಿ ಗುಟುಕು ಗುಟುಕಾಗಿ ನೀರು ಕುಡಿಸಿದೆವು. ಟೋಪಿಯನ್ನೂ ಕತ್ತನ್ನೂ ಒದ್ದೆ ಮಾಡಿದೆವು. ಅಬ್ಬ ತಮ್ಮ ಪಾಲಿನ ಬಾಟಲಿಯನ್ನು ಅವನ ಕೈಗೆ ಕೊಟ್ಟುಬಿಟ್ಟರು.

ಅಲ್ಲೇ ಝುಹ್ರ್ ಮತ್ತು ಅಸ್ರ್ ಒಟ್ಟಿಗೆ ನಿರ್ವಹಿಸಿದೆವು. ನೀರು ಇತ್ತು, ಆದರೆ ಅದು ಜೀವಕ್ಕೆ ಬೇಕಿದ್ದ ನೀರು. ಅಂಥಲ್ಲಿ ತಯಮ್ಮುಮ್‌ಗೆ ಅನುಮತಿ ಇದೆ. ಶುದ್ಧವಾದ ಧೂಳಿನ ಮೇಲೆ ಅಂಗೈ ತಟ್ಟಿ ಮುಖವನ್ನೂ ಕೈಗಳನ್ನೂ ಸವರಿಕೊಂಡೆವು. ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದ ಆ ನಿಯಮ ಎಂಥ ಹೊತ್ತಿಗೆಂದು ಇದೆ ಎಂಬುದು ಆಗ ತಿಳಿಯಿತು.

ಮತ್ತೆ ನಡೆಯುವಾಗ ಅಬ್ಬ ನನ್ನ ಪಕ್ಕಕ್ಕೆ ಬಂದರು. "ಸೌದಿಯಲ್ಲಿ ಲಾರಿ ಹಿಂದೆ ಒಂದು ಕ್ಯಾನ್ ನೀರು ಯಾವಾಗಲೂ ಇರುತ್ತಿತ್ತು. ಎಷ್ಟೇ ಬಾಯಾರಿದರೂ ಅದನ್ನು ಮುಟ್ಟುತ್ತಿರಲಿಲ್ಲ. ಗಾಡಿ ಕೆಟ್ಟು ನಿಂತರೆ ಮಾತ್ರ ಅದು. ಇವತ್ತು ಹೊರಡುವಾಗ ಬಾಟಲಿಗಳನ್ನು ನಾನೇ ಎಣಿಸಬೇಕಿತ್ತು" ಎಂದರು. ಬಯ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಕೊನೆಯ ಒಂದು ಕಿಲೋಮೀಟರ್ ನೀರಿಲ್ಲದೆ ನಡೆದೆವು. ಮೂರು ಗಂಟೆಗೆ ಡೇರೆ ಸಿಕ್ಕಿತು. ಅಕ್ಕ ತಮ್ಮನಿಗೆ ಉಪ್ಪು, ಸಕ್ಕರೆ, ನಿಂಬೆರಸ ಹಾಕಿದ ನೀರು ಕುಡಿಸಿ ಮಲಗಿಸಿದರು. ಸಂಜೆಯ ಹೊತ್ತಿಗೆ ಅವನು ಮೊದಲಿನಂತಾದ. ಉಮ್ಮ ಹೊದಿಕೆ ಮಡಚುವಾಗ ಎರಡು ಬಾಟಲಿ ಎತ್ತಿ ಹಿಡಿದು "ಇದು ಇಲ್ಲೇ ಉಳಿದಿದೆಯಲ್ಲ, ಮರೆತು ಹೋದಿರಾ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಬ್ಬ "ಇನ್ನು ಮರೆಯುವುದಿಲ್ಲ" ಎಂದರು.

ನಮ್ಮ ಕಡೆಯ ಚಾರಣಕ್ಕೂ ಇದೇ ಲೆಕ್ಕ

ನಮ್ಮಲ್ಲಿ ಹಲವರು ರಜೆಯಲ್ಲಿ ಕುಮಾರ ಪರ್ವತ, ಕುದುರೆಮುಖ ಎಂದು ಹೋಗುತ್ತೇವೆ. ಅದು ಮರುಭೂಮಿಯಲ್ಲ, ಆದರೆ ಬೇಸಿಗೆಯಲ್ಲಿ ಹುಲ್ಲುಗಾವಲಿನ ಏರಿನಲ್ಲಿ ನೆರಳೂ ಇಲ್ಲ, ನೀರೂ ಇಲ್ಲ. ಹೊರಡುವ ಮೊದಲು ಎಲ್ಲರ ಬಾಟಲಿಯನ್ನು ಒಬ್ಬರು ಎಣಿಸಲಿ. ಬೆಳಕು ಹರಿಯುವಾಗಲೇ ಹೊರಡಿ. ಬಾಯಾರುವ ಮೊದಲೇ ಸ್ವಲ್ಪ ಸ್ವಲ್ಪ ಕುಡಿಯಿರಿ, ಜೊತೆಗೆ ಉಪ್ಪಿನಂಶದ ತಿಂಡಿ ಇರಲಿ. ಮಾತಾಡುತ್ತಿದ್ದವರು ಸುಮ್ಮನಾದರೆ ಕೂಡಲೇ ನಿಲ್ಲಿಸಿ ವಿಚಾರಿಸಿ. ಅರ್ಧ ನೀರು ಮುಗಿದರೆ ಶಿಖರ ಎಷ್ಟೇ ಹತ್ತಿರವಿದ್ದರೂ ತಿರುಗಿ ಬನ್ನಿ. ನಿಮ್ಮಿಂದ ತಪ್ಪಾಗಿದ್ದರೆ ಅದನ್ನು ಅಲ್ಲೇ ಹೇಳಿಬಿಡಿ, ಮನೆಗೆ ಬಂದ ಮೇಲೆ ಅಲ್ಲ.

ಕಾಲೇಜು ಶುರುವಾದ ಮೊದಲ ದಿನ ಝುಹ್ರ್‌ಗೆ ವುಝೂ ಮಾಡಲು ಹೋದಾಗ ನಲ್ಲಿ ಪೂರ್ತಿ ತಿರುಗಿಸಿದ್ದೆ. ಕೈ ತಾನಾಗಿಯೇ ಅದನ್ನು ಅರ್ಧಕ್ಕೆ ತಂದಿತು, ಆಮೇಲೆ ಕಾಲಿಗೆ. ಸಾಕಾಯಿತು.